ಕಂದು ಕೋಟಿನ ಗಂಡಸು

ನಮ್ಮ ಮನೆಯಲ್ಲಿ ನಾನು, ನನ್ನ ಹೆಂಡತಿ ಇಬ್ಬರೇ ಅಲ್ಲ, ಇನ್ನೊಬ್ಬ ಗಂಡಸೂ ಇದ್ದಾನೆ ಎಂಬ ಸಂಗತಿ ನನ್ನ ಗಮನಕ್ಕೆ ಬಂದದ್ದು ಒಂದು ಶನಿವಾರ ಬೆಳಿಗ್ಗೆ, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿಯುವುದನ್ನು ಕಾಯುತ್ತಿದ್ದಾಗ. ಪಕ್ಕದ ಕೋಣೆಯಲ್ಲಿ ಆಕೆ ಗಿಟಾರ್ ನುಡಿಸಿಕೊಂಡು ಹಾಡುತ್ತಿದ್ದಳು. ಹಾಡು ಇಂಗ್ಲಿಷಿನದು. ಕಂದು ಕೋಟಿನ ಗಂಡಸೊಬ್ಬ ಬೆಳಗಿನ ಟ್ರೇನು ಹತ್ತಿ ಹೋದ. ಕಂದು ಕೋಟಿನ ಗಂಡಸೊಬ್ಬ ಬೆಳಗಿನ ಟ್ರೇನು ಹತ್ತಿ ಹೋದ. ಸಂಜೆ ಕೋಟು ಮನೆಗೆ ಬಂತು, ಅದರ ಮೇಲೆ ಯಾರದೋ ಸೋಪಿನ ವಾಸನೆ. ಇಷ್ಟು ಅದರ ತಾತ್ಪರ್ಯ.

ನಾನು ಬಾಗಿಲ ಹಿಂದೆ ನೇತುಹಾಕಿದ್ದ ನನ್ನ ಕೋಟಿನ ಕಡೆ ನೋಡಿದೆ. ಅದು ಕಂದು ಬಣ್ಣದ್ದು. ನಿವೃತ್ತನಾಗುವವರೆಗೂ ನ್ಯೂ ಜೆರ್ಸಿಯ ಪ್ಲೇನ್ಸ್‌ಬರೋದಿಂದ ಮ್ಯಾನ್‌ಹಟನ್ನಿಗೆ ಕಮ್ಯೂಟ್ ಮಾಡಿದ ಅಷ್ಟೂ ಚಳಿಗಾಲಗಳಲ್ಲಿ ಅದನ್ನೇ ಹಾಕಿಕೊಂಡು ಬೆಳಗಿನ ಟ್ರೇನು ಹತ್ತಿದವನು ನಾನು. ಸೋಪಿನ ವಿಷಯ ಮಾತ್ರ ನನಗೆ ತಿಳಿಯದು. ಆಫೀಸಿನ ಬಾತ್‌ರೂಮಿನಲ್ಲಿ ಗೋಡೆಗೆ ತಗುಲಿಸಿದ ಡಬ್ಬಿಯಿಂದ ಇಳಿಯುವ ಗುಲಾಬಿ ದ್ರವವೊಂದನ್ನು ಬಿಟ್ಟರೆ ಪರರ ಸೋಪಿನೊಡನೆ ನನಗೆ ಯಾವ ಕಾಲದಲ್ಲೂ ಸಂಪರ್ಕವಿರಲಿಲ್ಲ. ಆದರೂ, ಸತ್ಯಶೋಧನೆಯ ದೃಷ್ಟಿಯಿಂದ, ಕೋಟನ್ನು ಇಳಿಸಿ ಮೂಸಿ ನೋಡಿದೆ. ಒಗ್ಗರಣೆಯ ವಾಸನೆ ಬಂತು.

ನನ್ನ ಹೆಂಡತಿ ಬ್ಲೂಸ್ ಗಾಯಕಿ. ಇದನ್ನು ನಮ್ಮ ಕಡೆಯ ಜನಕ್ಕೆ ಹೇಳಿದಾಗ, ಪಾಪ, ಏನೋ ಕಾಯಿಲೆ ಎಂದು ತಿಳಿದು ಡಾಕ್ಟರ ಹೆಸರು ಸೂಚಿಸಿದವರಿದ್ದಾರೆ. ಬ್ಲೂಸ್ ಎಂದರೆ ಈ ದೇಶದ ದಕ್ಷಿಣ ಸೀಮೆಯ ಕರಿಯ ಜನ ಹತ್ತಿಹೊಲಗಳಲ್ಲಿ, ಜೈಲುಗಳಲ್ಲಿ, ಹೆಂಡದ ಅಂಗಡಿಗಳಲ್ಲಿ ತಮ್ಮ ಸಂಕಟವನ್ನು ಹಾಡಿಕೊಂಡು ಬೆಳೆಸಿದ ಸಂಗೀತ. ಅದರ ಪದ್ಧತಿ ಸರಳ. ಮೊದಲ ಸಾಲನ್ನು ಹಾಡುವುದು, ಅದನ್ನೇ ಮತ್ತೊಮ್ಮೆ ಹಾಡುವುದು, ಆಮೇಲೆ ಮೂರನೆಯ ಸಾಲಿನಲ್ಲಿ ಮುಗಿಸುವುದು. ಅಂದರೆ ಆರೋಪಿಯ ಮುಂದೆ ಆರೋಪವನ್ನು ಎರಡು ಸಲ ಓದಿ ಹೇಳಿ, ವಿಚಾರಣೆಯ ಗೋಜಿಲ್ಲದೆ ತೀರ್ಪು ಕೊಟ್ಟುಬಿಡುವುದು. ಆರೋಪಿ ಸಾಮಾನ್ಯವಾಗಿ ಗಂಡಸು.

ಆಕೆ ಈ ದಾರಿಗೆ ಬಂದದ್ದು ವೀಣೆಯಿಂದ. ಮೈಸೂರಿನಲ್ಲಿ ಚಿಕ್ಕಂದಿನಿಂದ ವೀಣೆ ಕಲಿತವಳು. ಮದುವೆಯಾಗಿ ಬರುವಾಗ ವೀಣೆಯನ್ನೂ ತಂದಳು. ನನ್ನ ಸಾಮಾನು ಒಂದೇ ಸೂಟ್‌ಕೇಸು, ಅದರ ಸಾಮಾನು ಮೂರು ಜನ ಹೊರುವಷ್ಟು. ನ್ಯೂ ಜೆರ್ಸಿಯ ಚಳಿಗೆ ಮನೆಯ ಹೀಟರು ಗಾಳಿಯ ತೇವವನ್ನೆಲ್ಲ ಹೀರಿತು, ವೀಣೆಯ ಕೊಡ ಬಿರುಕು ಬಿಟ್ಟಿತು. ರಿಪೇರಿ ಮಾಡುವವರು ಈ ಕಡೆ ಯಾರೂ ಸಿಗಲಿಲ್ಲ. ಆಮೇಲೆ ಮಗಳು ಹುಟ್ಟಿದಳು, ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ವೀಣೆ ಸೋಫಾದ ಹಿಂದೆ ಮಲಗಿತು. ಮಗಳು ಕಾಲೇಜಿಗೆ ಹೋದ ವರ್ಷ, ನಮ್ಮ ಕಾಂಪ್ಲೆಕ್ಸು ಖಾಲಿ ಮಾಡಿ ಹೋಗುತ್ತಿದ್ದ ಯಾರೋ ಹುಡುಗರು ಒಂದು ಗಿಟಾರನ್ನು ಕಸದ ತೊಟ್ಟಿಯ ಪಕ್ಕ ಇಟ್ಟು ಹೋದರು. ಈಕೆ ಅದನ್ನು ಎತ್ತಿಕೊಂಡು ಬಂದಳು. ಎಲ್ಲರಂತೆ ಎದೆಗೆ ಆನಿಸಿಕೊಳ್ಳಲಿಲ್ಲ. ಚಕ್ಕಂಬಕ್ಕಳ ಹಾಕಿ ಕೂತು, ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು, ತಂತಿಯನ್ನು ಪಕ್ಕಕ್ಕೆ ಎಳೆದು ಗಮಕ ತೆಗೆದಳು. ಗಿಟಾರು ಅಂಥ ಸದ್ದು ಮಾಡಿದ್ದನ್ನು ನಾನು ಅದುವರೆಗೆ ಕೇಳಿರಲಿಲ್ಲ. ಗಿಟಾರೂ ಕೇಳಿರಲಾರದು.

ಆ ಬೇಸಿಗೆಯಲ್ಲಿ ಊರಿನ ಲೈಬ್ರರಿಯವರು ಹುಲ್ಲಿನ ಮೇಲೆ ಪುಕ್ಕಟೆ ಸಂಗೀತ ಏರ್ಪಡಿಸಿದ್ದರು. ನಮ್ಮ ನ್ಯೂ ಜೆರ್ಸಿಯದೇ ನ್ಯೂಅರ್ಕ್ ಊರಿನ ಒಬ್ಬ ಮುದುಕಿ ಹಾಡಿದರು. ಜೀವಮಾನವೆಲ್ಲ ಕ್ಲಬ್ಬುಗಳಲ್ಲಿ ಗಿಟಾರ್ ಹಿಡಿದು ಬ್ಲೂಸ್ ಹಾಡಿದವರು. ಮುಗಿದ ಮೇಲೆ ನನ್ನ ಹೆಂಡತಿ ಅವರ ಹತ್ತಿರ ಹೋಗಿ, ನಿಮ್ಮ ವಾದ್ಯ ಒಮ್ಮೆ ಮುಟ್ಟಲೇ ಎಂದು ಕೇಳಿ, ಹುಲ್ಲಿನ ಮೇಲೆ ಕೂತು ನಾಲ್ಕು ಎಳೆತ ಎಳೆದಳು. ಮುದುಕಿ ಕನ್ನಡಕ ತೆಗೆದರು. ಇದನ್ನು ಯಾರು ಹೇಳಿಕೊಟ್ಟರು ಎಂದರು. ಮೈಸೂರಿನಲ್ಲಿ ನಮ್ಮ ಮೇಷ್ಟ್ರು ಎಂದಳು ಈಕೆ. ಮೈಸೂರು ಯಾವ ರಾಜ್ಯದಲ್ಲಿದೆ ಎಂದು ಅವರು ವಿಚಾರಿಸಿದರು. ಬ್ಲೂಸಿನ ತವರಾದ ಮಿಸಿಸಿಪ್ಪಿಯ ಆಸುಪಾಸು ಇರಬೇಕು ಎಂಬುದು ಅವರ ಊಹೆ. ಮಂಗಳವಾರದಿಂದ ಪಾಠಕ್ಕೆ ಬಾ ಎಂದರು.

ಅಲ್ಲಿಂದ ಮುಂದಿನದು ವೇಗವಾಗಿ ನಡೆಯಿತು. ಮೊದಲು ನ್ಯೂಅರ್ಕಿನ ಒಂದು ಬಾರಿನಲ್ಲಿ ಯಾರು ಬೇಕಾದರೂ ಹಾಡಬಹುದಾದ ಸಂಜೆ. ಆಮೇಲೆ ಅವಳಿಗೆಂದೇ ಅರ್ಧ ಗಂಟೆ. ಒಬ್ಬ ಡ್ರಮ್ಮಿನವನು, ಒಬ್ಬ ಬೇಸ್ ಗಿಟಾರಿನವನು ಕೂಡಿಕೊಂಡರು. ನಂತರ ಮ್ಯಾನ್‌ಹಟನ್ನಿನ ಒಂದು ನೆಲಮಾಳಿಗೆಯ ಕ್ಲಬ್ಬಿನಲ್ಲಿ ತಿಂಗಳಿಗೊಂದು ಭಾನುವಾರ ಮಧ್ಯಾಹ್ನ. ಹತ್ತಿ ಸೀರೆ ಉಟ್ಟು, ಸ್ಟೇಜಿನ ಮೇಲೆ ಜಮಖಾನೆ ಹಾಸಿಕೊಂಡು, ಅದರ ಮೇಲೆ ಕೂತು ಹಾಡುತ್ತಿದ್ದಳು. ಲ್ಯಾಬಿನ ಕೆಲಸ ಅರ್ಧಕ್ಕೆ ಇಳಿಯಿತು. ಸಾರು ಅನ್ನ ಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಅದನ್ನು ಬಡ್ತಿ ಎಂದು ಸ್ವೀಕರಿಸಿದೆ.

ತೊಂದರೆ ಶುರುವಾದದ್ದು ಆ ಗುರುಮಾತೆ ಒಂದು ಅಪ್ಪಣೆ ಕೊಡಿಸಿದ ಮೇಲೆ. ಊರವರ ಹಾಡು ಸಾಕು, ನಿನ್ನ ಹಾಡು ನೀನೇ ಕಟ್ಟು, ಕೇಳುವವರಿಗೆ ಒಬ್ಬ ಗಂಡಸು ಕಣ್ಣಿಗೆ ಕಟ್ಟಬೇಕು ಎಂದರಂತೆ. ಅಂದಿನಿಂದ ಕಂದು ಕೋಟಿನವನು ನಮ್ಮ ಮನೆಗೆ ಬಂದು ಸೇರಿದ. ಒಂದು ಹಾಡಿನಲ್ಲಿ ಅವನು ಮನೆಯ ಹೀಟರನ್ನು ಇಳಿಸಿ ಹೆಂಡತಿಯನ್ನು ಚಳಿಯಲ್ಲಿ ಕೂರಿಸಿದ. ಥರ್ಮೋಸ್ಟ್ಯಾಟನ್ನು ಇಳಿಸುವುದು ನಮ್ಮ ಮನೆಯಲ್ಲಿ ನಾನೇ, ಒಪ್ಪುತ್ತೇನೆ. ಇನ್ನೊಂದರಲ್ಲಿ ಊಟಕ್ಕೆ ಕೂತಾಗ ಮಾತಾಡದೆ ಪೇಪರ್ ಓದಿದ. ಅದೂ ಇರಬಹುದು. ಆದರೆ ಮುಂದಿನ ಹಾಡಿನಲ್ಲಿ ಅವನು ಬೇರೊಬ್ಬಳ ಮನೆಯ ಹಿಂಬಾಗಿಲಿನಿಂದ ಚಪ್ಪಲಿ ಕೈಯಲ್ಲಿ ಹಿಡಿದು ಹೊರಬಂದ. ಇಲ್ಲಿ ನಾನು ಇದ್ದಲ್ಲೇ ನಿಂತುಬಿಟ್ಟೆ. ನನ್ನ ಮಂಡಿಗಳ ಸ್ಥಿತಿ ಬಲ್ಲವರು ಯಾರೂ ನಾನು ಹಾಗೆ ಹಿಂಬಾಗಿಲಿನಿಂದ ನುಸುಳಿದೆನೆಂದು ನಂಬಲಾರರು.

ಜನ ಏನೆಂದುಕೊಳ್ಳುತ್ತಾರೆ ಎಂಬುದು ನನ್ನ ಚಿಂತೆಯಾಗಿರಲಿಲ್ಲ. ಆ ಚಿಂತೆಯ ಸರದಿ ಆಮೇಲೆ ಬಂತು. ನನ್ನನ್ನು ಕೊರೆಯುತ್ತಿದ್ದದ್ದು ಒಂದೇ ಪ್ರಶ್ನೆ: ಇಷ್ಟು ವರ್ಷ ಒಂದೇ ಸೂರಿನಡಿ ಇದ್ದು, ಈಕೆ ನನ್ನ ಜೊತೆ ಅಸುಖಿಯಾಗಿದ್ದಳೆ? ಅದನ್ನು ನನಗೆ ಹೇಳುವುದನ್ನು ಬಿಟ್ಟು ಬಿಯರ್ ಕುಡಿಯುವ ಅಪರಿಚಿತರಿಗೆ, ಅದೂ ಪ್ರತಿ ಸಾಲನ್ನು ಎರಡೆರಡು ಸಲ, ಹೇಳುತ್ತಿದ್ದಾಳೆಯೆ? ನೇರವಾಗಿ ಕೇಳಬಹುದಿತ್ತು. ಕೇಳಿದರೆ ಉತ್ತರ ಬರುವ ಅಪಾಯವಿತ್ತು.

ಮಗಳು ಬಾಸ್ಟನ್ನಿನಿಂದ ಫೋನು ಮಾಡಿದಾಗ ವಿಷಯವನ್ನು ಸೂಕ್ಷ್ಮವಾಗಿ ಮಂಡಿಸಿದೆ.

"ನಿಮ್ಮಮ್ಮ ಹೊಸ ಹಾಡು ಮಾಡಿದಾಳೆ. ಅದರಲ್ಲಿ ಒಬ್ಬ ಮನುಷ್ಯ ಬರ್ತಾನೆ."

"ಅಪ್ಪಾ, ಇಟ್ಸ್ ಜಸ್ಟ್ ಅ ಕ್ಯಾರೆಕ್ಟರ್."

"ಆ ಕ್ಯಾರೆಕ್ಟರು ನನ್ನ ಕೋಟು ಹಾಕ್ಕೊಂಡಿದಾನೆ."

"ದಟ್ ಕೋಟ್ ಈಸ್ ಪ್ರೆಟಿ ಬ್ಯಾಡ್, ಅಪ್ಪಾ," ಎಂದು ಮಗಳು ತನ್ನ ಸಾಕ್ಷ್ಯವನ್ನು ದಾಖಲಿಸಿದಳು.

ಕೊನೆಗೆ ಖುದ್ದು ತನಿಖೆಗೆ ಹೊರಟೆ. ಅದೊಂದು ಭಾನುವಾರ ಆಕೆ ಕ್ಲಬ್ಬಿಗೆ ಹೋದ ಮೇಲೆ ನಾನೂ ಟ್ರೇನು ಹತ್ತಿದೆ. ಸ್ನೇಹಿತರೊಬ್ಬರ ಜೊತೆ ರಾಬಿನ್ಸ್‌ವಿಲ್‌ನ ದೇವಸ್ಥಾನಕ್ಕೆ ಹೋಗುತ್ತೇನೆಂದು ಹೇಳಿದ್ದೆ. ಕೋಟು ಮಾತ್ರ ಮನೆಯಲ್ಲೇ ಬಿಟ್ಟೆ. ಸ್ವೆಟರಿನ ಮೇಲೆ ಸ್ವೆಟರು ಹಾಕಿಕೊಂಡು, ಹಲ್ಲು ಕಟಕಟಿಸುತ್ತ ಹೋಗಿ ಒಂದು ಕಂಬದ ಹಿಂದೆ ಕೂತೆ. ಆಕೆ ಕಣ್ಣು ಮುಚ್ಚಿ ಹಾಡಿದಳು. ಚೆನ್ನಾಗಿ ಹಾಡಿದಳು ಎಂದು ಹೇಳಲು ನನಗೆ ಅಧಿಕಾರವಿಲ್ಲ. ಆದರೆ ಸೋಪಿನ ವಾಸನೆ ಎಂದಾಗ ಕತ್ತಲೆಯಲ್ಲಿ ಅಲ್ಲಲ್ಲಿ ಜನ ಉಸಿರೆಳೆದುಕೊಂಡದ್ದು ನನ್ನ ಕಂಬದವರೆಗೂ ಕೇಳಿಸಿತು. ನನ್ನ ಪಕ್ಕದಲ್ಲಿ ಕೂತಿದ್ದ ಭಾರಿ ದೇಹದ ಒಬ್ಬಾತ ತಲೆಯಾಡಿಸಿ ನನ್ನ ಕಡೆ ಬಾಗಿ, ಆ ಮನುಷ್ಯ ಸ್ವಲ್ಪವೂ ಸರಿಯಿಲ್ಲ ಎಂದ. ನಾನು, ಹೌದು, ಬಹಳ ಕೆಟ್ಟವನು ಎಂದೆ. ಸೌಜನ್ಯಕ್ಕೆ ಬೇರೆ ದಾರಿ ಕಾಣಲಿಲ್ಲ.

ಸಂಜೆ ಮನೆಗೆ ಬಂದ ಹೆಂಡತಿ ನನ್ನನ್ನು ಒಮ್ಮೆ ನೋಡಿದಳು.

"ಪ್ರಸಾದ ಎಲ್ರೀ?"

"ತುಂಬಾ ರಶ್ಶು ಇತ್ತು."

"ಹೂಂ," ಎಂದಳು. ಆ ಹೂಂಕಾರದಲ್ಲಿ ಏನಿತ್ತೆಂದು ವಾರವಿಡೀ ಯೋಚಿಸಿದೆ.

ಇಷ್ಟಾದರೂ ಸಂಗತಿ ಇಂಗ್ಲಿಷಿನಲ್ಲಿ ಇದ್ದಷ್ಟು ಕಾಲ ಅಪಾಯ ಮಿತಿಯಲ್ಲಿತ್ತು. ಮ್ಯಾನ್‌ಹಟನ್ನಿನ ನೆಲಮಾಳಿಗೆಯಲ್ಲಿ ನನ್ನ ಕೋಟಿನ ಪರಿಚಯ ಯಾರಿಗಿದೆ? ಆದರೆ ಅಕ್ಟೋಬರಿನಲ್ಲಿ ನಮ್ಮ ಕಡೆಯ ಕನ್ನಡ ಸಂಘದ ಅಧ್ಯಕ್ಷರು ಫೋನು ಮಾಡಿದರು. ಧಾರವಾಡದವರು, ಉದಾರ ಮನಸ್ಸಿನವರು.

"ಸರ, ನಿಮ್ಮ ಮನಿಯವರು ಭಾಳ ಛೊಲೋ ಹಾಡತಾರಂತ ಕೇಳೇನಿ. ದೀಪಾವಳಿ ಪ್ರೋಗ್ರಾಂನ್ಯಾಗ ಹಾಡಸೋಣಂತರೀ. ಆದ್ರ ಒಂದು ರೂಲ್ ಅದ. ನಮ್ಮ ಸ್ಟೇಜಿನ ಮ್ಯಾಲ ಕನ್ನಡ ಬಿಟ್ಟು ಬ್ಯಾರೇ ನಡ್ಯಂಗಿಲ್ಲ."

"ಅದು ಬ್ಲೂಸ್. ಇಂಗ್ಲಿಷಿನಲ್ಲಿ ಇರುತ್ತೆ," ಎಂದೆ, ಆಸೆಯಿಂದ.

"ಕನ್ನಡದಾಗ ಮಾಡ್ರೆಲಾ. ದುಃಖಕ್ಕೇನು ಭಾಷಾ ಇರ್ತದೇನ್ರೀ? ಆದ್ರ ಹಬ್ಬದ ದಿವಸ ಅದ, ಭಾಳ ದುಃಖ ಬ್ಯಾಡ್ರಿ. ಮಧ್ಯಮ ಸಾಕು."

ಹೆಂಡತಿ ಒಪ್ಪಿದಳು. ಅಷ್ಟೇ ಅಲ್ಲ, ಉತ್ಸಾಹಗೊಂಡಳು. ನಮ್ಮ ಜನ ಅದುವರೆಗೆ ಆಕೆಯ ಹಾಡನ್ನು ಕೇಳಿರಲಿಲ್ಲ. ಅವರ ಮುಂದೆ ಹಾಡಬೇಕೆಂಬ ಆಸೆ ಆಕೆಗೆ ಒಳಗೊಳಗೇ ಇತ್ತೆಂದು ನನಗೆ ಆಗ ತಿಳಿಯಿತು. ಕಂದು ಕೋಟಿನ ಹಾಡನ್ನೇ ಆರಿಸಿಕೊಂಡು ಕನ್ನಡಕ್ಕೆ ಇಳಿಸಿದಳು. ಇಂಗ್ಲಿಷಿನಲ್ಲಿದ್ದಾಗ ಕಲೆಯಾಗಿದ್ದದ್ದು ಕನ್ನಡಕ್ಕೆ ಬಂದ ಕೂಡಲೇ ಸಂಸಾರದ ವಿಷಯವಾಯಿತು.

ನಮ್ಮ ಅಪಾರ್ಟ್‌ಮೆಂಟುಗಳ ಗೋಡೆಗಳು ತೆಳು. ಪ್ರಾಕ್ಟೀಸು ಶುರುವಾದ ವಾರದಲ್ಲೇ ಪಕ್ಕದ ಮನೆಯ ಹುಡುಗಿ, ಬೆಂಗಳೂರಿನವಳು, ಐಟಿಯಲ್ಲಿರುವವಳು, ಒಂದು ಡಬ್ಬಿ ಬಿಸಿಬೇಳೆಬಾತು ಹಿಡಿದು ಬಾಗಿಲಲ್ಲಿ ನಿಂತಳು. ಬಾತಿನ ನೆಪ ಎಂದು ಮುಖವೇ ಹೇಳುತ್ತಿತ್ತು.

"ಅಂಕಲ್, ಆಂಟಿ ಇದಾರಾ?"

"ಲ್ಯಾಬಿಗೆ ಹೋಗಿದಾಳಮ್ಮ."

"ಓಕೆ. ಆಂಟಿ ಹ್ಯಾಪಿ ಆಗಿದಾರೆ ಅಲ್ವಾ ಅಂಕಲ್? ಜಸ್ಟ್ ಚೆಕ್ ಮಾಡ್ತಿದೀನಿ." ಮಾತಾಡುತ್ತಲೇ ಅವಳ ಕಣ್ಣು ನನ್ನ ಹೆಗಲ ಮೇಲಿಂದ ಹಾದು ಬಾಗಿಲ ಹಿಂದಿನ ಕೋಟಿನ ಮೇಲೆ ನೆಟ್ಟಿತು.

ಆಮೇಲೆ ಇಂಡಿಯನ್ ಅಂಗಡಿಯಲ್ಲಿ ನಾನು ಕೊತ್ತಂಬರಿ ಆರಿಸುತ್ತಿದ್ದರೆ ಹೆಂಗಸರು ತಮ್ಮ ಗಾಡಿಯನ್ನು ಬೇರೆ ಸಾಲಿಗೆ ತಿರುಗಿಸುತ್ತಿದ್ದರು. ಗಂಡಸರು ನನ್ನನ್ನು ಒಂದು ಬಗೆಯ ಗೌರವದಿಂದ ನೋಡತೊಡಗಿದರು. ಅದು ಇನ್ನೂ ಕಷ್ಟ. ಅಧ್ಯಕ್ಷರು ಮತ್ತೆ ಫೋನು ಮಾಡಿದರು.

"ಸರ, ಸ್ವಲ್ಪ ಸೂಕ್ಷ್ಮ ವಿಷಯ. ಮನ್ಯಾಗ ಎಲ್ಲಾರೂ ಆರಾಮಲ್ರೀ?"

"ಆರಾಮ."

"ಅಲ್ಲ, ನೀವು ಆರಾಮ ಇರ್ತೀರಿ. ಮನಿಯವರು?"

ಅಂದು ಊಟವಾದ ಮೇಲೆ, ಪೇಪರನ್ನು ಮಡಚಿಟ್ಟು, ವಿಷಯಕ್ಕೆ ಬಂದೆ.

"ಲೇ, ಆ ಕೋಟು."

"ಯಾವ ಕೋಟು?"

"ಹಾಡಿನಲ್ಲಿರೋದು. ಅದು ಕಂದು ಬಣ್ಣದ್ದೇ ಆಗಬೇಕಾ? ಪ್ರಪಂಚದಲ್ಲಿ ಬೇರೆ ಬಟ್ಟೆಗಳೇ ಇಲ್ಲವಾ?"

"ಬೇರೆ ಕೋಟು ತಗೊಳ್ರೀ ಅಂತ ನಾನು ಎಷ್ಟು ವರ್ಷದಿಂದ ಹೇಳ್ತಿದೀನಿ."

"ನಾನು ಹಾಡಿನ ವಿಷಯ ಹೇಳ್ತಿರೋದು."

ಆಕೆ ಗಿಟಾರಿನ ಒಂದು ತಂತಿಯನ್ನು ಸುಮ್ಮನೆ ಮೀಟಿದಳು. "ಕೋಟು ತೆಗೆದರೆ ಮನುಷ್ಯನೇ ಕಾಣಲ್ಲ ಕಣ್ರೀ. ಯಾರೋ ಹೋದ, ಯಾರೋ ಬಂದ ಅಂತ ಆಗತ್ತೆ. ಅದನ್ನ ಕೇಳಿ ಯಾರು ಅಳ್ತಾರೆ?"

"ದೀಪಾವಳಿ ದಿವಸ ಯಾರೂ ಅಳಬೇಕಾಗಿಲ್ಲ."

"ಜನ ಏನಾದ್ರೂ ಅಂದ್ರಾ?"

"ಜನ ಬಿಸಿಬೇಳೆಬಾತು ಕೊಡ್ತಿದಾರೆ."

ಆಕೆ ಗಿಟಾರನ್ನು ಪಕ್ಕಕ್ಕೆ ಇಟ್ಟಳು. "ಆಯ್ತು," ಎಂದಳು. "ಕೋಟು ತೆಗೀತೀನಿ. ಅದರ ಬದಲು ಏನು ಹಾಕ್ತೀನಿ ಅಂತ ಮಾತ್ರ ಕೇಳಬೇಡಿ. ಹಾಡೋವಾಗ ಬಾಯಿಗೆ ಬಂದದ್ದೇ ಸರಿಯಾಗಿರತ್ತೆ."

ನಿಜವಾದ ಪ್ರಶ್ನೆ ಕೇಳಲು ಅದು ತಕ್ಕ ಗಳಿಗೆಯಾಗಿತ್ತು. ನಾನು ಪೇಪರನ್ನು ಮತ್ತೆ ಬಿಡಿಸಿದೆ. ಇಷ್ಟು ಬೇಗ ಒಪ್ಪಿಕೊಂಡಳಲ್ಲ ಎಂಬ ಹೊಸ ಅನುಮಾನವೊಂದು ಹಳೆಯದರ ಪಕ್ಕದಲ್ಲಿ ಬಂದು ಕೂತಿತ್ತು.

ದೀಪಾವಳಿ ಕಾರ್ಯಕ್ರಮ ಒಂದು ಹೈಸ್ಕೂಲಿನ ಸಭಾಂಗಣದಲ್ಲಿ, ಶನಿವಾರ ಮಧ್ಯಾಹ್ನ. ಮಕ್ಕಳ ನೃತ್ಯ ಆಯಿತು. ಒಬ್ಬ ಡಾಕ್ಟರು ಮಿಮಿಕ್ರಿ ಮಾಡಿದರು. ಆಮೇಲೆ ಸ್ಟೇಜಿನ ಮೇಲೆ ಜಮಖಾನೆ ಹಾಸಿದರು. ಆಕೆ ಒಬ್ಬಳೇ ಬಂದು ಕೂತು, ಗಿಟಾರನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಸಭೆಯನ್ನು ಈ ತುದಿಯಿಂದ ಆ ತುದಿಯವರೆಗೆ ನಿಧಾನವಾಗಿ ನೋಡಿದಳು. ಕ್ಲಬ್ಬಿನಲ್ಲಿ ಕಣ್ಣು ಮುಚ್ಚಿ ಹಾಡುವವಳು ಇಲ್ಲಿ ಕಣ್ಣು ಬಿಟ್ಟೇ ಶುರು ಮಾಡಿದಳು. ನನಗೆ ಅದು ಒಳ್ಳೆಯ ಲಕ್ಷಣವಾಗಿ ಕಾಣಲಿಲ್ಲ.

ರೇಷ್ಮೆ ಜುಬ್ಬಾದ ಗಂಡಸೊಬ್ಬ ಬೆಳಗಿನ ಟ್ರೇನು ಹತ್ತಿ ಹೋದ, ಎಂದಳು.

ಇಲ್ಲಿ ಓದುಗರು ಒಂದು ಸಂಗತಿಯನ್ನು ತಿಳಿದಿರಬೇಕು. ದೀಪಾವಳಿಗೆ ನಮ್ಮ ಕಡೆಯ ಗಂಡಸರೆಲ್ಲ ರೇಷ್ಮೆ ಜುಬ್ಬಾ ಹಾಕುತ್ತಾರೆ. ವರ್ಷವಿಡೀ ಸೂಟ್‌ಕೇಸಿನ ತಳದಲ್ಲಿ ನುಸಿಗುಳಿಗೆಯ ಜೊತೆ ಮಲಗಿರುವ ಜುಬ್ಬಾಗಳೆಲ್ಲ ಅಂದು ಹೊರಬರುತ್ತವೆ. ಸಭಾಂಗಣದಲ್ಲಿ ಹಸಿರು, ಕೆಂಪು, ಚಿನ್ನದ ಬಣ್ಣದ ಜುಬ್ಬಾಗಳು ಸಾಲುಸಾಲಾಗಿ ಕೂತಿದ್ದವು. ಹೆಂಡತಿಯರು ಪಕ್ಕದಲ್ಲಿದ್ದರು.

ಮೊದಲ ಸಲ ಆ ಸಾಲು ಬಂದಾಗ ಸಭೆ ನಕ್ಕಿತು. ಎರಡನೆಯ ಸಲ ಅದೇ ಸಾಲು ಇನ್ನೂ ನಿಧಾನವಾಗಿ, ತಂತಿಯನ್ನು ಅಷ್ಟು ದೂರ ಎಳೆದುಕೊಂಡು ಬಂದಾಗ, ಯಾರೂ ನಗಲಿಲ್ಲ. ಸಂಜೆ ಜುಬ್ಬಾ ಮನೆಗೆ ಬಂತು, ಅದರ ಮೇಲೆ ಯಾರದೋ ಸೋಪಿನ ವಾಸನೆ, ಎಂದಾಗ ಸಭೆಯ ಅರ್ಧದಷ್ಟು ತಲೆಗಳು, ಕುಂಕುಮವಿದ್ದ ಅರ್ಧ, ಒಟ್ಟಿಗೆ ಪಕ್ಕಕ್ಕೆ ತಿರುಗಿದವು. ನನ್ನ ಮುಂದಿನ ಸಾಲಿನ ಒಬ್ಬರು, ಒಳಗೆ ಅಷ್ಟು ಸೆಕೆಯಿದ್ದರೂ, ಜಾಕೆಟ್ಟಿನ ಜಿಪ್ಪನ್ನು ಕತ್ತಿನವರೆಗೆ ಎಳೆದುಕೊಂಡರು. ಮಿಮಿಕ್ರಿ ಮಾಡಿದ ಡಾಕ್ಟರು ಎದ್ದು ನೀರು ಕುಡಿಯಲು ಹೋದವರು ಹಾಡು ಮುಗಿಯುವವರೆಗೆ ಬರಲಿಲ್ಲ. ಬಿಸಿಬೇಳೆಬಾತಿನ ಹುಡುಗಿ ತನ್ನ ಗಂಡನ ತೋಳಿನ ಬಟ್ಟೆಯನ್ನು ಬೆರಳಲ್ಲಿ ಹಿಡಿದು ಏನನ್ನೋ ಪರೀಕ್ಷಿಸುತ್ತಿದ್ದಳು. ಜುಬ್ಬಾ ಇಲ್ಲದೆ ಕೋಟು ಹಾಕಿದ್ದವನು ಇಡೀ ಸಭೆಯಲ್ಲಿ ನಾನೊಬ್ಬನೇ. ಅಷ್ಟೂ ಜನ ಗಂಡಸರಲ್ಲಿ ಏಕೈಕ ನಿರಪರಾಧಿಯಾಗಿ, ಬೆನ್ನು ನೇರ ಮಾಡಿ ಕೂತೆ.

ಹಾಡು ಮುಗಿದಾಗ ಮೊದಲು ಚಪ್ಪಾಳೆ ತಟ್ಟಿದವರು ಹೆಂಗಸರು. ಗಂಡಸರು ಸ್ವಲ್ಪ ತಡವಾಗಿ, ಆದರೆ ಅವರಿಗಿಂತ ಜೋರಾಗಿ ತಟ್ಟಿದರು.

ಕಲಾವಿದರಿಗೆ ಸನ್ಮಾನ ಮಾಡುವಾಗ ದಂಪತಿಗಳನ್ನು ಜೋಡಿಯಾಗಿ ಕರೆಯುವುದು ಸಂಘದ ಸಂಪ್ರದಾಯ. ನನ್ನನ್ನೂ ಸ್ಟೇಜಿಗೆ ಕರೆದರು. ಕೆಂಪು ರೇಷ್ಮೆ ಜುಬ್ಬಾದಲ್ಲಿದ್ದ ಅಧ್ಯಕ್ಷರು ಶಾಲನ್ನು ನನ್ನ ಹೆಗಲಿಗೆ ಹೊದಿಸುವಾಗ ಕಿವಿಯ ಹತ್ತಿರ ಬಾಗಿದರು. "ಸರ, ನಿಮ್ಮ ಕೋಟೇ ಇರವಲ್ದ್ಯಾಕ ಅಂತ ಬಿಡಬೇಕಿತ್ತರೀ. ಅನುಮಾನ ಒಬ್ಬರಿಗೇ ಮುಗೀತಿತ್ತು." ಕೆಳಗೆ ಮೊದಲ ಸಾಲಿನಲ್ಲಿ ಅವರ ಮನೆಯವರು ಕೈಕಟ್ಟಿ ಕೂತಿದ್ದರು.

ಊಟದ ಹೊತ್ತಿಗೆ ಹೆಂಡತಿಯ ಸುತ್ತ ಹೆಂಗಸರು ನೆರೆದರು. ನಾನು ಹೋಳಿಗೆಯ ಸಾಲಿನಲ್ಲಿ ನಿಂತು ನೋಡುತ್ತಿದ್ದೆ. ಯಾರೂ ಆ ಗಂಡಸು ಯಾರೆಂದು ಕೇಳುತ್ತಿರಲಿಲ್ಲ. ಒಬ್ಬರಾದ ಮೇಲೊಬ್ಬರು ತಮ್ಮದೇನನ್ನೋ ಹೇಳುತ್ತಿದ್ದರು, ಆಕೆ ತಲೆಯಾಡಿಸಿ ಕೇಳುತ್ತಿದ್ದಳು. ಒಬ್ಬ ಅಜ್ಜಿ ಆಕೆಯ ಕೈ ಹಿಡಿದು ಬಹಳ ಹೊತ್ತು ಕೂತಿದ್ದರು. ನನಗಾದ ಸಮಾಧಾನವೆಲ್ಲ ಅಲ್ಲಿಗೆ ಇಳಿಯಿತು. ಊರಿನ ಮುಂದೆ ನಾನು ಖುಲಾಸೆಯಾಗಿದ್ದೆ. ಅದು ದೊಡ್ಡ ವಿಷಯವಲ್ಲ. ಇನ್ನೊಂದು ನ್ಯಾಯಾಲಯವಿತ್ತು, ಅಲ್ಲಿ ಕೇಸೇ ಶುರುವಾಗಿರಲಿಲ್ಲ.

ವಾಪಸು ಬರುವಾಗ ನಾನು ಡ್ರೈವ್ ಮಾಡುತ್ತಿದ್ದೆ. ಸಂಜೆಯ ಬೆಳಕು ಇನ್ನೂ ಸ್ವಲ್ಪ ಉಳಿದಿತ್ತು. ಆಕೆ ಕಟ್ಟಿಸಿಕೊಂಡು ಬಂದಿದ್ದ ಹೋಳಿಗೆಯನ್ನು ಮುರಿದು ತಿನ್ನುತ್ತಿದ್ದಳು; ಹಾಡುವ ಮೊದಲು ಊಟ ಮಾಡುವವಳಲ್ಲ, ಹಾಡಿದ ಮೇಲೆ ಜನ ಬಿಟ್ಟಿರಲಿಲ್ಲ. ಕೆಂಪು ದೀಪಕ್ಕೆ ಕಾರು ನಿಂತಾಗ ಕೇಳಿಯೇಬಿಟ್ಟೆ.

"ಒಂದು ಕೇಳ್ತೀನಿ. ನಿಜ ಹೇಳು. ಆ ಗಂಡಸು ನಾನೇನಾ?"

ಆಕೆಗೆ ಆಶ್ಚರ್ಯವೇನೂ ಆದಂತೆ ಕಾಣಲಿಲ್ಲ. "ಕೋಟು ನಿಮ್ಮದು," ಎಂದಳು. "ಟ್ರೇನು ನಿಮ್ಮದು. ಥರ್ಮೋಸ್ಟ್ಯಾಟೂ ನಿಮ್ಮದೇ. ಸೋಪು ನಮ್ಮ ನ್ಯೂಅರ್ಕ್ ಟೀಚರ್ ಗಂಡಂದು. ಹಿಂಬಾಗಿಲೂ ಅವನದೇ. ನಂಗೆ ಹಾಡಿ ಹಾಡಿ ಸಾಕಾಯ್ತು, ಬೇಕಾದ್ರೆ ನೀನು ಉಪಯೋಗಿಸ್ಕೋ ಅಂತ ಟೀಚರ್ರೇ ಕೊಟ್ಟರು."

"ಮತ್ತೆ ನನ್ನ ಕೋಟು ಯಾಕೆ?"

"ಹಾಡಿಗೆ ಒಬ್ಬ ಗಂಡಸು ಬೇಕಿತ್ತು. ಮನೇಲಿದ್ದವರು ನೀವು."

ದೀಪ ಹಸಿರಾಯಿತು. ನಾನು ಹೊರಡಲಿಲ್ಲ. ಹಿಂದಿನವನು ಹಾರ್ನ್ ಹೊಡೆದ.

"ನಿನಗೆ ನನ್ನಿಂದ ದುಃಖ ಏನೂ ಇಲ್ಲವಾ?" ಎಂದೆ, ಕಾರು ಮುಂದಕ್ಕೆ ಬಿಟ್ಟು.

"ಇಲ್ದೆ ಏನು. ಬೇಕಾದಷ್ಟಿದೆ." ಹೋಳಿಗೆಯ ಚೂರನ್ನು ಬಾಯಿಗೆ ಹಾಕಿಕೊಂಡಳು. "ನಿಮ್ಮ ಮೇಲೇ ಒಂದು ಹಾಡು ಮಾಡಬೇಕು ಅಂತ ಎಷ್ಟು ದಿನದಿಂದ ಒದ್ದಾಡ್ತಿದೀನಿ. ಆಗ್ತಾನೇ ಇಲ್ಲ."

"ಯಾಕೆ?"

"ಸೀರಿಯಸ್ಸಾಗಿ ಶುರು ಮಾಡ್ತೀನಿ. ಅರ್ಧಕ್ಕೆ ನಗು ಬಂದ್ಬಿಡತ್ತೆ. ನಗ್ತಾ ಬ್ಲೂಸ್ ಹಾಡೋಕಾಗಲ್ಲ, ಟೀಚರ್ ಬೈತಾರೆ."

ಇದು ಗಂಡನ ಬಗೆಗಿನ ಹೊಗಳಿಕೆಯೋ, ಕಚ್ಚಾ ಸಾಮಗ್ರಿಯ ಬಗ್ಗೆ ಕಲಾವಿದೆಯ ದೂರೋ ನಿರ್ಧರಿಸಲಾಗಲಿಲ್ಲ.

"ಹಾಡು ಹೇಗೆ ಶುರುವಾಗುತ್ತೆ?" ಎಂದೆ.

"ಅದು ಇನ್ನೂ ಹದಕ್ಕೆ ಬಂದಿಲ್ಲ ಬಿಡ್ರೀ," ಎಂದು ಆಕೆ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆದರೆ ಭುಜಗಳು ಅಲುಗುತ್ತಿದ್ದವು, ಮತ್ತು ಮನೆ ತಲುಪುವವರೆಗೂ ನಿಲ್ಲಲಿಲ್ಲ.